ಮಂಡಿಗೆ ಗಾರ್ಡಾ, ಬ್ರೇಸಾ? ಹಿಂದೆ ಹೇಳಿದ್ದನ್ನ ಇವತ್ತು ತಿದ್ದಿಕೊಳ್ತೀನಿ

ಈ ಸಲದ ಮಾತು ಮಂಡಿಯ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಿನಲ್ಲಿ ಕೂತು ಓದೋರಿಗೆ ಅದರ ಬರಹ ರೂಪ ಇಲ್ಲಿದೆ. ಮಾತಾಡೋ ಅವಸರದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನೂ ಸೇರಿಸಿದ್ದೀನಿ.

ಮೊದಲು ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಇದೇ ಚಾನೆಲ್‌ನಲ್ಲಿ ರೈಡಿಂಗ್ ಗೇರ್ ಬಗ್ಗೆ ಹೇಳುವಾಗ "ಮಂಡಿಗೆ ಲೆವೆಲ್ 2 ಗಾರ್ಡ್ ತಗೊಂಡ್ಬಿಡಿ, ಅಲ್ಲಿಗೆ ಮುಗೀತು" ಅಂದಿದ್ದೆ. ಅಷ್ಟೇ, ಒಂದೇ ವಾಕ್ಯ. ಅದನ್ನ ಕೇಳಿ ಗಾರ್ಡ್ ತಗೊಂಡವರಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಗೆಳೆಯನೂ ಇದ್ದ. ಇಲ್ಲೇ ಪುಣೆಯಲ್ಲಿ, ಹಿಂಜವಡಿಯಲ್ಲಿ ಕೆಲಸ. ನನಗಿಂತ ಆರೇಳು ವರ್ಷ ಚಿಕ್ಕವನು. ವಿಡಿಯೋ ನೋಡಿಯೇ ಪರಿಚಯ ಆಗಿ, ಆಮೇಲೆ ಭಾನುವಾರದ ರೈಡಿಗೆ ನಮ್ಮ ಜೊತೆ ಬರೋಕೆ ಶುರು ಮಾಡಿದ.

ಹೋದ ಸೆಪ್ಟೆಂಬರ್‌ನಲ್ಲಿ ಐದು ಜನ ಮುಳಶಿ ಕಡೆ ಹೋಗಿದ್ವಿ. ಮಳೆ ಬಿಟ್ಟು ಎರಡು ದಿನ ಆಗಿತ್ತು. ಕೆಂಪು ಮಣ್ಣಿನ ದಾರಿ, ಮಧ್ಯದಲ್ಲಿ ಟ್ರ್ಯಾಕ್ಟರ್ ಚಕ್ರದ ಗಾಡಿಜಾಡು, ಅದರೊಳಗೆ ನೀರು. ಅವನ ವೇಗ ಹೆಚ್ಚೆಂದರೆ ಹದಿನೈದು ಕಿಲೋಮೀಟರ್ ಇರಬಹುದು. ಮುಂದಿನ ಚಕ್ರ ಜಾಡಿಗೆ ಇಳಿದು ಗಾಡಿ ಎಡಕ್ಕೆ ವಾಲಿತು. ಎಲ್ಲರೂ ಮಾಡೋದನ್ನೇ ಅವನೂ ಮಾಡಿದ, ಎಡಗಾಲು ಚಾಚಿ ನೆಲಕ್ಕೆ ಕೊಟ್ಟ. ಪಾದ ಕೆಸರಲ್ಲಿ ಕಲ್ಲಿನ ಸಂದಿಗೆ ಸಿಕ್ಕಿಕೊಳ್ತು. ಗಾಡಿ ಮುಂದೆ ಹೋಯ್ತು, ಮೈ ಗಾಡಿ ಜೊತೆ ಹೋಯ್ತು, ಪಾದ ಮಾತ್ರ ಅಲ್ಲೇ ಉಳೀತು.

ಪಕ್ಕದ ಗದ್ದೆಯಿಂದ ವಯಸ್ಸಾದ ರೈತರೊಬ್ಬರು ಓಡಿ ಬಂದರು. ಎಲ್ಲಿ ಪೆಟ್ಟಾಯ್ತು ಅಂತ ಮರಾಠಿಯಲ್ಲಿ ಕೇಳಿದರು. ಇವನು ನೋವಿನಲ್ಲಿ "ಮಂಡಿ, ಮಂಡಿ" ಅಂತಿದ್ದಾನೆ. ಅವರು ಪಾಪ ಅವನ ತೊಡೆ ಒತ್ತಿ ನೋಡ್ತಾ ಇದ್ದಾರೆ! ಮರಾಠಿಯಲ್ಲಿ ಮಾಂಡಿ ಅಂದ್ರೆ ತೊಡೆ. ನಮ್ಮ ಮಂಡಿಗೆ ಅವರು ಗುಡಘಾ ಅಂತಾರೆ. ಆ ಹೊತ್ತಿನಲ್ಲೂ ನಮಗೆ ನಗು ಬಂತು, ಅವನಿಗೂ ಬಂತು. ನಕ್ಕು ಎದ್ದು ನಿಂತ. ಗಾರ್ಡ್ ಇದ್ದ ಜಾಗದಲ್ಲೇ ಇತ್ತು, ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಊರಿಗೆ ಬಂದು ಎಕ್ಸ್‌ರೇ ತೆಗೆಸಿದ್ದಾಯ್ತು. ಮೂಳೆ ಸರಿ ಇದೆ ಅಂದರು. ಊತ ಇಳಿಯೋಕೆ ಮುಂಚೆಯೇ ಕುಂಟುತ್ತಾ ಆಫೀಸಿಗೆ ಹೋಗೋಕೆ ಶುರು ಮಾಡಿದ. ನಾಲ್ಕನೇ ದಿನ ಮೆಟ್ಟಿಲು ಇಳಿಯುವಾಗ ಮಂಡಿ ತನ್ನಷ್ಟಕ್ಕೆ ತಾನೇ ಕಳಚಿಕೊಂಡ ಹಾಗೆ ಜಾರಿತು. ಆಮೇಲೆ ಎಂಆರ್‌ಐ. ಎಸಿಎಲ್ ಪೂರ್ತಿ ಹರಿದಿದೆ, ಜೊತೆಗೆ ಮೆನಿಸ್ಕಸ್ ಕೂಡ ಅಂತ ಬಂತು. ಆಪರೇಷನ್ ಆಯ್ತು. ನೋಡೋಕೆ ಹೋದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಗಾರ್ಡ್ ಹಾಕ್ಕೊಂಡಿದ್ದೆನಲ್ಲ ಅಣ್ಣಾ, ಮತ್ತ ಇದು ಹೆಂಗ ಆತು?"

ದೂರೋ ದನಿ ಅಲ್ಲ ಅದು. ನಿಜವಾಗಿಯೂ ಅರ್ಥ ಆಗದೆ ಕೇಳಿದ್ದು. ಆದರೆ ಉತ್ತರ ಹೇಳಬೇಕಾದವನು ನಾನು. ಆ ಉತ್ತರವೇ ಈ ಬರಹ.

ಮಂಡಿಗೆ ಎರಡು ಥರ ಪೆಟ್ಟು

ಮಂಡಿಯ ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಮೇಲಿಂದ ತೊಡೆಮೂಳೆ, ಕೆಳಗಿಂದ ಮೊಣಕಾಲ ಕೆಳಗಿನ ಮೂಳೆ, ಮುಂದುಗಡೆ ಮುಚ್ಚಳದ ಹಾಗೆ ಮಂಡಿ ಚಿಪ್ಪು. ತೊಡೆಯ ಮೇಲ್ಗಡೆ ಸೊಂಟದ ಕೀಲು ಇದೆಯಲ್ಲ, ಅಲ್ಲಿ ಗುಂಡು ಗುಣಿಯೊಳಗೆ ಕೂತ ಹಾಗೆ ಭದ್ರವಾಗಿದೆ. ಮಂಡಿಯಲ್ಲಿ ಹಾಗಿಲ್ಲ. ಒಂದು ಮೂಳೆ ಇನ್ನೊಂದರ ಮೇಲೆ ಸುಮ್ಮನೆ ಕೂತಿದೆ ಅಷ್ಟೇ. ಜಾರದ ಹಾಗೆ ಹಿಡಿದಿಟ್ಟಿರೋದು ನಾಲ್ಕು ಮುಖ್ಯ ಲಿಗಮೆಂಟುಗಳು ಮತ್ತು ಸುತ್ತಲಿನ ಸ್ನಾಯುಗಳು. ಎರಡು ಲಿಗಮೆಂಟು ಒಳಗಡೆ ಒಂದಕ್ಕೊಂದು ಅಡ್ಡ ಹಾಯ್ದಿವೆ: ಎಸಿಎಲ್ ಮತ್ತು ಪಿಸಿಎಲ್. ಇನ್ನೆರಡು ಆಚೆ ಈಚೆ ಬದಿಯಲ್ಲಿ: ಎಂಸಿಎಲ್ ಮತ್ತು ಎಲ್‌ಸಿಎಲ್. ಮೂಳೆಗಳ ನಡುವೆ ವಾಷರ್ ಥರ ಎರಡು ಮೆನಿಸ್ಕಸ್.

ಹಾಗಾಗಿ ಮಂಡಿಗೆ ಬರೋ ಅಪಾಯಗಳೂ ಎರಡು ಜಾತಿ. ಒಂದು, ಹೊಡೆತ. ಬಿದ್ದಾಗ ಮಂಡಿ ಕಲ್ಲಿಗೆ ಬಡಿಯೋದು, ಹ್ಯಾಂಡಲ್‌ಗೆ ತಾಗೋದು, ಮುಂದಿನ ಗಾಡಿ ಚಕ್ರದಿಂದ ಹಾರಿದ ಕಲ್ಲು ಬಂದು ಬಡಿಯೋದು. ಇದರಿಂದ ಚರ್ಮ ಕೀಳುತ್ತೆ, ಚಿಪ್ಪು ಬಿರುಕು ಬಿಡುತ್ತೆ. ಎರಡು, ತಿರುಚು. ಪಾದ ಒಂದು ಕಡೆ ಸಿಕ್ಕಿಕೊಂಡು ಮೈ ಇನ್ನೊಂದು ಕಡೆ ಹೋಗೋದು, ಮಂಡಿ ಹಿಂದಕ್ಕೆ ಬಾಗಬಾರದಷ್ಟು ಬಾಗೋದು, ಪಕ್ಕಕ್ಕೆ ಮಡಚಿಕೊಳ್ಳೋದು. ಇದರಿಂದ ಹರಿಯೋದು ಲಿಗಮೆಂಟು. ಹೊರಗೆ ಒಂದು ತೊಟ್ಟು ರಕ್ತವೂ ಇರಲ್ಲ.

ನನ್ನ ಗೆಳೆಯನಿಗೆ ಆಗಿದ್ದು ಎರಡನೇದು. ಅವನು ಹಾಕಿಕೊಂಡಿದ್ದು ಮೊದಲನೇದಕ್ಕೆ ಮಾಡಿದ ಸಾಮಾನು. ಗಾರ್ಡ್ ತನ್ನ ಕೆಲಸದಲ್ಲಿ ಸೋಲಲಿಲ್ಲ, ಅದಕ್ಕೆ ಆ ಕೆಲಸ ಕೊಟ್ಟೇ ಇರಲಿಲ್ಲ. ಇದನ್ನ ನಾನು ಎರಡು ವರ್ಷದ ಹಿಂದೆ ಹೇಳಬೇಕಿತ್ತು.

ಅಂಗಡಿಯಲ್ಲಿ ಸಿಗೋ ನಾಲ್ಕು ಥರ

ಮಂಡಿ ರಕ್ಷಣೆ ಅಂತ ಹುಡುಕಿದರೆ ಬರೋದೆಲ್ಲ ಒಂದೇ ಥರ ಕಾಣುತ್ತೆ. ಬಿಡಿಸಿ ಹೇಳ್ತೀನಿ.

ಮೊದಲನೇದು, ಮೆಡಿಕಲ್ ಶಾಪಿನ ನೀ ಕ್ಯಾಪ್. ಬಟ್ಟೆ ಅಥವಾ ನಿಯೋಪ್ರೀನ್‌ನ ಬಿಗಿ ತೋಳು. ಕೆಲವದರಲ್ಲಿ ಪಕ್ಕದಲ್ಲಿ ಕಬ್ಬಿಣದ ಪಟ್ಟಿ, ತಿರುಗಣೆ ಕೂಡ ಇರುತ್ತೆ. ಇದು ನೋವಿರೋ ಮಂಡಿಗೆ ಆಸರೆ ಕೊಡೋಕೆ ಇರೋದು. ಇದನ್ನ ಹಾಕಿಕೊಂಡು ಟ್ರೇಲಿಗೆ ಬರೋರನ್ನ ನಾನು ನೋಡಿದ್ದೀನಿ. ಹೊಡೆತಕ್ಕೂ ಇಲ್ಲ, ಬೀಳುವಾಗಿನ ತಿರುಚಿಗೂ ಇಲ್ಲ.

ಎರಡನೇದು, ರೈಡಿಂಗ್ ಪ್ಯಾಂಟಿನ ಒಳಗಿನ ಪ್ಯಾಡ್. ಹಾಕಿಕೊಳ್ಳೋಕೆ ಸುಲಭ, ಮರೆಯೋ ಮಾತಿಲ್ಲ. ತೊಂದರೆ ಏನು ಅಂದ್ರೆ ಪ್ಯಾಡ್ ಅಂಟಿಕೊಂಡಿರೋದು ಪ್ಯಾಂಟಿಗೆ, ಮಂಡಿಗಲ್ಲ. ಕೂತಾಗ ಸರಿಯಾಗಿರೋ ಪ್ಯಾಡ್ ನಿಂತಾಗ ಕೆಳಗೆ ಜಾರಿರುತ್ತೆ. ಆಫ್‌ರೋಡಲ್ಲಿ ನಾವು ಅರ್ಧ ಹೊತ್ತು ಫುಟ್‌ಪೆಗ್ ಮೇಲೆ ನಿಂತೇ ಇರ್ತೀವಲ್ಲ? ಜೊತೆಗೆ ಬಿದ್ದು ಜಾರುವಾಗ ಬಟ್ಟೆ ತಿರುಗಿದರೆ ಪ್ಯಾಡೂ ಪಕ್ಕಕ್ಕೆ ತಿರುಗುತ್ತೆ. ನನ್ನ ಬಲ ಮಂಡಿಯ ಮೇಲೆ ನಾಲ್ಕು ಹೊಲಿಗೆಯ ಗುರುತು ಇದೆ. ಆ ದಿನ ಪ್ಯಾಡ್ ಇತ್ತು, ಆದರೆ ಮಂಡಿಯ ಹೊರಬದಿಯಲ್ಲಿತ್ತು.

ಮೂರನೇದು, ಬೇರೆಯಾಗಿ ಕಟ್ಟಿಕೊಳ್ಳೋ ಗಾರ್ಡ್. ಇದರಲ್ಲೂ ಎರಡು ಬಗೆ. ತೋಳಿನ ಹಾಗೆ ಕಾಲಿಗೆ ಏರಿಸಿಕೊಳ್ಳೋ ಮೆತ್ತನೆಯದು, ಮತ್ತು ಗಟ್ಟಿ ಪ್ಲಾಸ್ಟಿಕ್ ಚಿಪ್ಪುಗಳು ಒಂದರ ಮೇಲೊಂದು ಮಡಚೋ ಹಾಗೆ ಜೋಡಿಸಿ ಮೊಣಕಾಲ ಕೆಳಗಿನ ಮೂಳೆಯನ್ನೂ ಮುಚ್ಚೋದು. ಮೆತ್ತನೆಯದರಲ್ಲಿ ಇರೋ ವಸ್ತು ಒಂದು ವಿಶೇಷ. ನಿಧಾನಕ್ಕೆ ಒತ್ತಿದರೆ ಹಿಟ್ಟಿನ ಹಾಗೆ ಬಗ್ಗುತ್ತೆ, ಫಟ್ ಅಂತ ಹೊಡೆದರೆ ಗಟ್ಟಿಯಾಗುತ್ತೆ. ಊರಲ್ಲಿ ಬಾವಿಗೆ ಹಾರುವಾಗ ಹೊಟ್ಟೆ ಅಡಿಯಾಗಿ ಬಿದ್ದವರಿಗೆ ಇದು ಬೇಗ ಅರ್ಥ ಆಗುತ್ತೆ. ಕೈಯಾಡಿಸಿದರೆ ದಾರಿ ಬಿಡೋ ನೀರು ರಭಸದಿಂದ ಬಿದ್ದರೆ ಹಲಗೆಯ ಹಾಗೆ ಬಡಿಯುತ್ತಲ್ಲ, ವೇಗ ಹೆಚ್ಚಾದಷ್ಟೂ ಎದುರು ನಿಲ್ಲೋ ಗುಣ ಇದರದ್ದು. ಡಿ3ಒ ಅಂತ ಹೆಸರು ಕೇಳಿರ್ತೀರಿ, ಅದು ಈ ಜಾತಿಗೆ ಸೇರಿದ್ದು. ಮೆತ್ತನೆಯದು ದಿನವಿಡೀ ಹಾಕಿಕೊಳ್ಳೋಕೆ ಹಿತ. ಗಟ್ಟಿ ಚಿಪ್ಪಿನದು ಚೂಪು ಕಲ್ಲಿಗೆ ಮೇಲು, ಕಲ್ಲಿನ ಮೊನೆಯನ್ನ ಅಗಲಕ್ಕೆ ಹಂಚುತ್ತೆ, ನೆಲದ ಮೇಲೆ ಜಾರೋಕೂ ಬಿಡುತ್ತೆ.

ನಾಲ್ಕನೇದು, ಬ್ರೇಸ್. ತೊಡೆಗೊಂದು, ಮೊಣಕಾಲ ಕೆಳಗೊಂದು ಗಟ್ಟಿ ಚೌಕಟ್ಟು. ಎರಡನ್ನೂ ಮಂಡಿಯ ಎರಡು ಬದಿಯಲ್ಲಿ ತಿರುಗಣೆ ಸೇರಿಸುತ್ತೆ. ಮುಂದೆ ಹೊಡೆತಕ್ಕೆ ಚಿಪ್ಪು ಕೂಡ ಇರುತ್ತೆ. ಇದರ ಕೆಲಸ ಮಂಡಿ ಹಿಂದಕ್ಕೆ ಅತಿಯಾಗಿ ಬಾಗದ ಹಾಗೆ, ಪಕ್ಕಕ್ಕೆ ಮುರಿಯದ ಹಾಗೆ ತಡೆಯೋದು. ಕಾಲು ಪೂರ್ತಿ ನೆಟ್ಟಗಾಗೋ ಮುಂಚೆಯೇ ನಿಲ್ಲಿಸೋಕೆ ತಿರುಗಣೆಯೊಳಗೆ ಸಣ್ಣ ತಡೆಗಳನ್ನ ಹಾಕಬಹುದು, 5 ಡಿಗ್ರಿ, 10 ಡಿಗ್ರಿ ಅಂತ. ಪಾದ ಸಿಕ್ಕಿಕೊಂಡು ಮೈ ತಿರುಗೋ ತಿರುಚನ್ನ ಇದು ಕಡಿಮೆ ಮಾಡುತ್ತೆ, ಪೂರ್ತಿ ನಿಲ್ಲಿಸಲ್ಲ. ಯಾಕಂದ್ರೆ ಬ್ರೇಸ್ ಹಿಡಿದಿರೋದು ಮಾಂಸವನ್ನ, ಮೂಳೆ ಅದರೊಳಗೆ ಸ್ವಲ್ಪ ತಿರುಗೇ ತಿರುಗುತ್ತೆ.

ಹಾಗಾದ್ರೆ ನನ್ನ ಗೆಳೆಯ ಬ್ರೇಸ್ ಹಾಕಿದ್ದರೆ ಉಳೀತಿದ್ನಾ? ಉಳಿಯೋ ಸಾಧ್ಯತೆ ಹೆಚ್ಚಿತ್ತು ಅಂತ ಮಾತ್ರ ಹೇಳ್ತೀನಿ. ಖಂಡಿತ ಅಂತ ಹೇಳಿ ಇನ್ನೊಂದು ಸಲ ಅದೇ ತಪ್ಪು ಮಾಡಲ್ಲ.

ಗುರುತು ಓದೋದು ಹೇಗೆ

ಹೆಲ್ಮೆಟ್ ತಗೊಳ್ಳುವಾಗ ಐಎಸ್‌ಐ ಗುರುತು ನೋಡ್ತೀವಿ. ಮಂಡಿ ಗಾರ್ಡಿಗೆ ನೋಡಬೇಕಾದ್ದು ಯುರೋಪಿನ ಇಎನ್ 1621-1 ಅನ್ನೋ ಸಂಖ್ಯೆ. ಬರೀ ಸಿಇ ಅನ್ನೋ ಎರಡು ಅಕ್ಷರ ಇದ್ದರೆ ಸಾಲದು. ಸಿಇ ಜೊತೆ ಇಎನ್ 14120 ಅಂತ ಇದ್ದರೆ ಅದು ರೋಲರ್ ಸ್ಕೇಟಿಂಗ್‌ಗೆ ಮಾಡಿದ ಗಾರ್ಡ್, ಬೈಕಿಗಲ್ಲ. ಆನ್‌ಲೈನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿ. ಗುರುತು ಸಾಮಾನ್ಯವಾಗಿ ಪ್ಯಾಡಿನ ಒಳಮೈ ಮೇಲಿರುತ್ತೆ, ಒಂದು ಪುಟ್ಟ ಬೈಕ್ ಸವಾರನ ಚಿತ್ರವೂ ಇರುತ್ತೆ.

ಪರೀಕ್ಷೆ ಹೀಗಿದೆ. ಪ್ಯಾಡನ್ನ ಗಟ್ಟಿ ಅಡಿಗಲ್ಲಿನಂಥದ್ದರ ಮೇಲಿಟ್ಟು, 5 ಕೆಜಿ ತೂಕವನ್ನ ಹೆಚ್ಚುಕಡಿಮೆ 1 ಮೀಟರ್ ಎತ್ತರದಿಂದ ಬೀಳಿಸ್ತಾರೆ. ಹೊಡೆತದ ಶಕ್ತಿ 50 ಜೂಲ್. ಪ್ಯಾಡ್ ದಾಟಿ ಕೆಳಗೆ ಎಷ್ಟು ಬಲ ಬಂತು ಅಂತ ಅಳೀತಾರೆ. ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1. 20 ಒಳಗಿದ್ದರೆ ಲೆವೆಲ್ 2. ಅಂದ್ರೆ ಲೆವೆಲ್ 2 ಹೆಚ್ಚುಕಡಿಮೆ ಅರ್ಧದಷ್ಟೇ ಬಲವನ್ನ ಒಳಗೆ ಬಿಡುತ್ತೆ. ಇದು ಸಣ್ಣ ವ್ಯತ್ಯಾಸ ಅಲ್ಲ. ಆ ಮಟ್ಟಿಗೆ ನನ್ನ ಹಳೇ ಸಲಹೆ ಸರಿಯೇ.

ಆದರೆ ಈ ಪರೀಕ್ಷೆಯಲ್ಲಿ ತೂಕ ನೇರ ಮೇಲಿಂದ ಬೀಳುತ್ತೆ, ಯಾರೂ ಕಾಲು ಹಿಡಿದು ತಿರುಚಲ್ಲ. ಬ್ರೇಸ್ ಮೇಲೆ ಇಎನ್ 1621-1 ಅಂತ ಬರೆದಿದ್ದರೂ ಅದು ಮುಂದಿನ ಚಿಪ್ಪು ಹೊಡೆತ ತಡೆಯೋದರ ಲೆಕ್ಕ, ತಿರುಗಣೆಯದ್ದಲ್ಲ. ಲೆವೆಲ್ 2 ಅನ್ನೋ ಪದ ಕೇಳಿ ನಾವು ಎಲ್ಲದಕ್ಕೂ ಎರಡು ಪಟ್ಟು ಭದ್ರ ಅಂದುಕೊಳ್ತೀವಿ. ನಾನು ಹಾಗೇ ಅಂದುಕೊಂಡಿದ್ದೆ.

ಗುರುತಿನಲ್ಲಿ ಇನ್ನೂ ಕೆಲವು ಅಕ್ಷರಗಳಿವೆ. ಕೆ ಅಂದ್ರೆ ಮಂಡಿಯ ಪ್ಯಾಡ್, ಕೆ+ಎಲ್ ಅಂದ್ರೆ ಮೊಣಕಾಲ ಕೆಳಭಾಗವೂ ಸೇರಿದ್ದು. ಇ ಅಂತ ಇದ್ದರೆ ಮೊಣಕೈಯದ್ದು, ಪ್ಯಾಂಟಿನ ಜೇಬಿಗೆ ಅದನ್ನ ತುರುಕಬೇಡಿ. ಎ ಅಂದ್ರೆ ಚಿಕ್ಕ ಅಳತೆ, ಬಿ ಅಂದ್ರೆ ಪೂರ್ಣ ಅಳತೆ. ಎರಡೂ ಸಿಗೋ ಹಾಗಿದ್ದರೆ ಬಿ ತಗೊಳ್ಳಿ. ಟಿ+ ಅಂತ ಇದ್ದರೆ 40 ಡಿಗ್ರಿ ಸೆಕೆಯಲ್ಲೂ, ಟಿ- ಅಂತ ಇದ್ದರೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲೂ ಪರೀಕ್ಷೆ ಆಗಿದೆ ಅಂತ ಅರ್ಥ. ಇವೆರಡು ಕಡ್ಡಾಯ ಅಲ್ಲ, ಕಂಪನಿಗಳು ಬೇಕಾದರೆ ಮಾಡಿಸಬಹುದು. ಮೇ ತಿಂಗಳಲ್ಲಿ ಚೆನ್ನೈ ಸುತ್ತ ಓಡಿಸೋರಿಗೆ ಟಿ+ ಮುಖ್ಯ. ದೆಹಲಿಯಿಂದ ಸ್ಪಿತಿ, ಲಡಾಖ್ ಕಡೆ ಹತ್ತೋರಿಗೆ ಟಿ- ಮುಖ್ಯ, ಚಳಿಗೆ ಆ ಮೆತ್ತನೆ ವಸ್ತು ಬಿರುಸಾಗುತ್ತೆ.

ನಿಮ್ಮ ದಾರಿ ಯಾವುದು?

ಯಾವುದು ತಗೊಳ್ಳಲಿ ಅಂತ ಕೇಳೋ ಮುಂಚೆ ಎಲ್ಲಿ, ಹೇಗೆ ಓಡಿಸ್ತೀನಿ ಅಂತ ಕೇಳಿಕೊಳ್ಳಿ.

ದಿನಾ ಆಫೀಸ್, ತಿಂಗಳಿಗೊಂದು ಲಾಂಗ್ ರೈಡ್, ಮಧ್ಯದಲ್ಲಿ ಒಂದಿಷ್ಟು ಮಣ್ಣು ದಾರಿ ಅನ್ನೋರಿಗೆ ಪ್ಯಾಂಟಿನೊಳಗಿನ ಲೆವೆಲ್ 2 ಪ್ಯಾಡ್ ನಡೆಯುತ್ತೆ. ಆದರೆ ಪ್ಯಾಂಟಿನ ಮಂಡಿ ಜೇಬನ್ನ ವೆಲ್ಕ್ರೋದಿಂದ ಮೇಲೆ ಕೆಳಗೆ ಸರಿಸೋ ಸೌಲಭ್ಯ ಇರಬೇಕು, ಅದನ್ನ ನೀವು ನಿಜವಾಗಿಯೂ ಸರಿಸಿ ನೋಡಿರಬೇಕು. ಎಷ್ಟೋ ಜನ ಹೊಸ ಪ್ಯಾಂಟು ಬಂದ ಹಾಗೇ ಹಾಕಿಕೊಂಡು ಹೋಗ್ತಾರೆ.

ವಾರವಾರ ಟ್ರೇಲ್, ಕಲ್ಲು, ನಿಂತೇ ಓಡಿಸೋದು ಅನ್ನೋರಿಗೆ ಬೇರೆ ಕಟ್ಟಿಕೊಳ್ಳೋ ಗಾರ್ಡೇ ಆಗಬೇಕು, ಮೊಣಕಾಲ ಕೆಳಭಾಗವನ್ನೂ ಮುಚ್ಚೋದು. ಹೈದರಾಬಾದ್ ಸುತ್ತ ಬಂಡೆಗಳ ಮೇಲೆ ಹತ್ತಿಳಿಯೋರಿಗೆ ಹೊಡೆತದ ಭಯ ಹೆಚ್ಚು, ಗಟ್ಟಿ ಚಿಪ್ಪಿನದು ನೋಡಿ.

ಆಳವಾದ ಕೆಸರು, ಮರಳು, ಜಾಡುಗಳು, ಜಂಪ್‌ಗಳು, ಮೋಟೋಕ್ರಾಸ್ ಟ್ರ್ಯಾಕ್ ಅನ್ನೋರು ಬ್ರೇಸ್ ಬಗ್ಗೆ ಗಂಭೀರವಾಗಿ ಯೋಚನೆ ಮಾಡಿ. ಕೆಸರು ಮತ್ತು ಮರಳು ಮೆತ್ತಗಿರುತ್ತೆ, ಬಿದ್ದರೆ ಏನೂ ಆಗಲ್ಲ ಅನ್ನಿಸುತ್ತೆ. ಆದರೆ ಪಾದ ಹೂತುಕೊಳ್ಳೋದೇ ಅಲ್ಲಿ. ಮಳೆಗಾಲದಲ್ಲಿ ಸಹ್ಯಾದ್ರಿ ಹತ್ತೋ ಮುಂಬೈ, ಪುಣೆಯವರು ಈ ಸಾಲನ್ನ ಎರಡು ಸಲ ಓದಿ. ಮೊದಲೇ ಲಿಗಮೆಂಟು ಪೆಟ್ಟು ತಿಂದಿರೋರು ಮಾತ್ರ ನನ್ನ ಮಾತು ಕೇಳಿ ತಗೋಬೇಡಿ. ಮೂಳೆ ಡಾಕ್ಟರು ಮತ್ತು ಫಿಸಿಯೋ ಏನು ಹೇಳ್ತಾರೋ ಅದನ್ನೇ ಕೇಳಿ.

ದುಡ್ಡಿನ ಮಾತು. ಒಳ್ಳೆ ಗಾರ್ಡ್ ಕೆಲವು ಸಾವಿರದಲ್ಲಿ ಬರುತ್ತೆ. ಒಳ್ಳೆ ಬ್ರೇಸ್ ಜೋಡಿಗೆ ಹತ್ತಾರು ಸಾವಿರ ಬೇಕು. ಒಂದೇ ಬ್ರೇಸ್ ತಗೊಂಡು ಒಂದು ಕಾಲಿಗೆ ಹಾಕೋ ಉಪಾಯ ಬೇಡ, ಎಡ ಬಲ ಎರಡೂ ಕಡೆ ಬೀಳ್ತೀವಿ. ಬ್ರೇಸಿಗೆ ದುಡ್ಡು ಕೂಡಿಲ್ಲ ಅಂದ್ರೆ ಗಾರ್ಡೂ ಇಲ್ಲದೆ ಹೋಗಬೇಡಿ. ಒಳ್ಳೆ ಗಾರ್ಡ್ ಹಾಕಿ, ಸುಲಭದ ದಾರಿ ಆರಿಸಿಕೊಳ್ಳಿ. ದಾರಿ ಆರಿಸೋಕೆ ದುಡ್ಡು ಬೇಡ.

ಹಾಕಿ ನೋಡದೆ ತಗೋಬೇಡಿ

ಎಸ್, ಎಂ, ಎಲ್ ನಂಬಬೇಡಿ. ಟೇಪ್ ತಗೊಂಡು ಮಂಡಿ ಚಿಪ್ಪಿನ ಮಧ್ಯದಿಂದ 15 ಸೆಂಟಿಮೀಟರ್ ಮೇಲೆ ತೊಡೆಯ ಸುತ್ತಳತೆ, 15 ಸೆಂಟಿಮೀಟರ್ ಕೆಳಗೆ ಮೀನಖಂಡದ ಸುತ್ತಳತೆ ಅಳೆಯಿರಿ. ಬಹಳಷ್ಟು ಬ್ರೇಸ್ ಕಂಪನಿಗಳ ಚಾರ್ಟ್ ಈ ಎರಡು ಅಳತೆ ಕೇಳುತ್ತೆ. ತೊಡೆ ಒಂದು ಸೈಜು, ಮೀನಖಂಡ ಇನ್ನೊಂದು ಸೈಜು ಬಂದರೆ ಎರಡಕ್ಕೂ ಹೊಂದೋ ಬೇರೆ ಮಾಡೆಲ್ ಹುಡುಕಿ.

ಆಮೇಲೆ ಮನೆಯಲ್ಲೇ ಈ ಪರೀಕ್ಷೆ ಮಾಡಿ. ಹಾಕಿಕೊಂಡು ಕುರ್ಚಿ ಮೇಲೆ ಕೂತು ಮಂಡಿ ಬಗ್ಗಿಸಿ, ಚಿಪ್ಪಿನ ಮೇಲೆ ಪ್ಯಾಡಿನ ಮಧ್ಯಭಾಗ ಇದೆಯಾ? ಎದ್ದು ನಿಂತು ಮಂಡಿ ಸ್ವಲ್ಪ ಬಾಗಿಸಿ, ಪೆಗ್ ಮೇಲೆ ನಿಂತ ಹಾಗೆ, ಆಗಲೂ ಅಲ್ಲೇ ಇದೆಯಾ? ಇಪ್ಪತ್ತು ಬಸ್ಕಿ ಹೊಡೆಯಿರಿ. ಎರಡು ಮಹಡಿ ಮೆಟ್ಟಿಲು ಹತ್ತಿ ಇಳಿಯಿರಿ. ಕೈಯಿಂದ ಪ್ಯಾಡನ್ನ ಎಡಕ್ಕೆ ಬಲಕ್ಕೆ ಜೋರಾಗಿ ತಿರುಗಿಸಿ ನೋಡಿ. ಕೈಗೇ ಸುಲಭವಾಗಿ ತಿರುಗೋದು ಕಲ್ಲಿಗೆ ತಿರುಗದೇ ಇರುತ್ತಾ? ಪಾಸಾಗಲಿಲ್ಲ ಅಂದ್ರೆ ವಾಪಸ್ ಕಳಿಸಿ. ಅದಕ್ಕೇ ಹೇಳೋದು, ಟ್ಯಾಗ್ ಕೀಳೋ ಮುಂಚೆ ಈ ಪರೀಕ್ಷೆ.

ಕಟ್ಟುವಾಗ ಮಂಡಿಯ ಕೆಳಗಿನ ಪಟ್ಟಿ ಮೊದಲು ಬಿಗಿಯಿರಿ, ಮೀನಖಂಡದ ಉಬ್ಬಿನ ಸ್ವಲ್ಪ ಮೇಲೆ. ಆ ಉಬ್ಬೇ ಗಾರ್ಡ್ ಕೆಳಗೆ ಜಾರದ ಹಾಗೆ ತಡೆಯುತ್ತೆ. ತೊಡೆಯ ಪಟ್ಟಿ ಆಮೇಲೆ. ಮಂಡಿಯ ಹಿಂದಿನ ಮಡಿಕೆಯಲ್ಲಿ ಪಟ್ಟಿ ಬರಬಾರದು, ಒಂದು ಗಂಟೆಯಲ್ಲಿ ಚರ್ಮ ಕೊಯ್ಯುತ್ತೆ. ಪಾದ ಜುಮ್ ಅಂದರೆ ಬಿಗಿ ಹೆಚ್ಚಾಗಿದೆ. ಗಾರ್ಡಿನ ಒಳಗೆ ತೆಳ್ಳನೆಯ ಉದ್ದ ಕಾಲುಚೀಲ ಅಥವಾ ಬಿಗಿ ಲೆಗ್ಗಿಂಗ್ ಹಾಕಿ, ಬೆವರಿಗೆ ಚರ್ಮ ಉಜ್ಜಿಕೊಳ್ಳಲ್ಲ. ಬ್ರೇಸ್ ಆದರೆ ಅದರ ಮೇಲೆ ಜೀನ್ಸ್ ಏರಲ್ಲ, ಸಡಿಲ ಪ್ಯಾಂಟ್ ಬೇಕು, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ಗಾರ್ಡ್ ಹಾಕಿಕೊಳ್ಳೋಕೆ ಹಿಂಸೆ ಆಗುತ್ತೆ ಅಂದ್ರೆ ಅದು ಎಷ್ಟೇ ಒಳ್ಳೆಯದಾದರೂ ನಿಮಗಲ್ಲ. ಮೂರನೇ ಭಾನುವಾರ ಅದು ಬ್ಯಾಗಿನಲ್ಲಿರುತ್ತೆ, ಐದನೇ ಭಾನುವಾರ ಮನೆಯಲ್ಲಿರುತ್ತೆ.

ಸಾಮಾನಿಗಿಂತ ಮೊದಲು ಕಾಲು

ನಮ್ಮ ಗೆಳೆಯನ ಮಂಡಿ ಹರಿದದ್ದು ಕಾಲು ಚಾಚಿದ್ದಕ್ಕೆ. ಗಾಡಿ ವಾಲಿದ ತಕ್ಷಣ ಕಾಲು ಕೊಡೋದು ನಮಗೆ ಊರಲ್ಲಿ ಸೈಕಲ್ ಕಲಿತಾಗಿಂದ ಬಂದ ಅಭ್ಯಾಸ. ಸೈಕಲ್ ತೂಕ ಹದಿನೈದಿಪ್ಪತ್ತು ಕೆಜಿ. ನಾವೀಗ ಓಡಿಸೋ ಗಾಡಿಗಳು 150ರಿಂದ 200 ಕೆಜಿ. ಅಷ್ಟು ತೂಕವನ್ನ ಒಂದು ಮಂಡಿ ಹಿಡಿಯಲಾರದು. ಪೆಗ್ ಮೇಲೆ ಪಾದ ಇಟ್ಟೇ ದೇಹದ ತೂಕ ಸರಿಸಿ ಗಾಡಿ ಎತ್ತೋದನ್ನ ಖಾಲಿ ಮೈದಾನದಲ್ಲಿ ನಿಧಾನವಾಗಿ ಅಭ್ಯಾಸ ಮಾಡಿ. ಗಾಡಿ ಬಿದ್ದೇ ಬೀಳುತ್ತೆ ಅಂದಾಗ ಬಿಟ್ಟುಬಿಡಿ. ಮುರಿದ ಕ್ಲಚ್ ಲಿವರ್ ಅಂಗಡಿಯಲ್ಲಿ ಸಿಗುತ್ತೆ.

ಬೂಟಿನ ಮಾತೂ ಇದಕ್ಕೆ ಸೇರುತ್ತೆ. ಆಫ್‌ರೋಡ್ ಬೂಟು ಪಾದ, ಗೆಣ್ಣು ಉಳಿಸುತ್ತೆ, ಹಾಕಲೇಬೇಕು. ಆದರೆ ಗೆಣ್ಣು ಅಲುಗದ ಹಾಗೆ ಬೂಟು ಹಿಡಿದಾಗ ತಿರುಚಿನ ಪಾಲು ಮೇಲಕ್ಕೆ, ಮಂಡಿಗೆ ಹೋಗುತ್ತೆ. ಬೂಟಿಗೆ ದುಡ್ಡು ಹಾಕಿ ಮಂಡಿ ಮರೆತರೆ ಕೆಲಸ ಅರ್ಧವೇ ಆದದ್ದು. ಗಾರ್ಡಿನ ಕೆಳತುದಿ ಮತ್ತು ಬೂಟಿನ ಮೇಲ್ತುದಿ ಒಂದಕ್ಕೊಂದು ಕುತ್ತಿಕೊಳ್ಳದೆ ಸರಿಯಾಗಿ ಸೇರುತ್ತಾ ಅಂತ ಎರಡನ್ನೂ ಒಟ್ಟಿಗೆ ಹಾಕಿ ನೋಡಿ.

ಇನ್ನು ನಮ್ಮ ಕೆಲಸದ ಸಂಗತಿ. ವಾರದಲ್ಲಿ ಐದು ದಿನ ಒಂಬತ್ತು ಗಂಟೆ ಕುರ್ಚಿ, ಆರನೇ ದಿನ ನಿದ್ದೆ, ಏಳನೇ ದಿನ ಏಕಾಏಕಿ ಸಹ್ಯಾದ್ರಿ. ತೊಡೆಯ ಹಿಂಬದಿಯ ಸ್ನಾಯು ಗಟ್ಟಿಯಿದ್ದರೆ ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಜಾರೋದನ್ನ ಅದು ಎಳೆದು ಹಿಡಿಯುತ್ತೆ, ಎಸಿಎಲ್‌ನ ಕೆಲಸಕ್ಕೆ ಹೆಗಲು ಕೊಡುತ್ತೆ. ತೊಡೆಯ ಮುಂದು, ಹಿಂದು ಎರಡಕ್ಕೂ ವಾರಕ್ಕೆ ಎರಡು ದಿನ ವ್ಯಾಯಾಮ ಮಾಡಿ. ಇದಕ್ಕೆ ಯಾವ ಕಂಪನಿಯೂ ಗುರುತು ಹಾಕಿ ಮಾರಲ್ಲ.

ಬಿದ್ದ ಮೇಲೆ

ಒಳಗೆ ಟಪ್ ಅಂತ ಸದ್ದು ಕೇಳಿದರೆ, ಕೆಲವೇ ಗಂಟೆಯಲ್ಲಿ ಮಂಡಿ ಊದಿಕೊಂಡರೆ, ನಡೆಯುವಾಗ ಜಾರಿದ ಹಾಗಾದರೆ, ಎಕ್ಸ್‌ರೇ ಸರಿ ಇದೆ ಅಂತ ಸುಮ್ಮನಾಗಬೇಡಿ. ಎಕ್ಸ್‌ರೇಯಲ್ಲಿ ಕಾಣೋದು ಮೂಳೆ, ಲಿಗಮೆಂಟು ಅಲ್ಲ. ಮೂಳೆ ಡಾಕ್ಟರ ಹತ್ತಿರ ಹೋಗಿ, ಅವರು ಕೈಯಿಂದ ಎಳೆದು ನೋಡಿ ಬೇಕಾದರೆ ಎಂಆರ್‌ಐ ಬರೆದುಕೊಡ್ತಾರೆ. ಅಲ್ಲಿಯವರೆಗೆ ಐಸ್ ಇಡಿ, ಕಾಲು ಎತ್ತರದಲ್ಲಿಡಿ, ತೂಕ ಹಾಕಬೇಡಿ. ಆ ಗಾಡಿಯನ್ನ ನೀವೇ ಓಡಿಸಿಕೊಂಡು ವಾಪಸ್ ಬರೋ ಶೌರ್ಯ ಬೇಡ. ಹಾಗೇ ಜೋರಾಗಿ ಹೊಡೆತ ತಿಂದ ಪ್ಯಾಡನ್ನೂ ಒಮ್ಮೆ ಬಿಚ್ಚಿ ನೋಡಿ, ಬಿರುಕು ಅಥವಾ ತಗ್ಗು ಇದ್ದರೆ ಬದಲಾಯಿಸಿ. ಒಗೆದ ಮೇಲೆ ಬಾಲ್ಕನಿಯ ಬಿಸಿಲಲ್ಲಿ ಹಾಕಬೇಡಿ, ನೆರಳಲ್ಲಿ ಒಣಗಿಸಿ.

ಇನ್ಶೂರೆನ್ಸ್ ಕಾಗದವನ್ನ ಇವತ್ತೇ ತೆಗೆದು ಓದಿ. ಆಪರೇಷನ್ ಖರ್ಚು ಆಫೀಸ್ ಪಾಲಿಸಿಯಲ್ಲಿ ಬಂದರೂ ಆಮೇಲಿನ ತಿಂಗಳುಗಟ್ಟಲೆಯ ಫಿಸಿಯೋ ಎಷ್ಟೋ ಸಲ ಅದರಲ್ಲಿ ಸೇರಿರಲ್ಲ. ನನ್ನ ಗೆಳೆಯ ಆ ದುಡ್ಡನ್ನ ಕೈಯಿಂದ ಹಾಕ್ತಾ ಇದ್ದಾನೆ.

ಅವನಿಗೆ ಆಪರೇಷನ್ ಆಗಿ ಐದು ತಿಂಗಳಾಯ್ತು. ನೇರ ದಾರಿಯಲ್ಲಿ ಸೈಕಲ್ ತುಳೀತಾನೆ. ಬೈಕಿಗೆ ಒಂಬತ್ತು ತಿಂಗಳಾದರೂ ಕಾಯಬೇಕು ಅಂದಿದ್ದಾರಂತೆ. "ಅವ್ವಗ ಬಾತ್‌ರೂಮಿನ್ಯಾಗ ಜಾರಿ ಬಿದ್ದೆ ಅಂತ ಹೇಳೇನಿ, ನಿಮ್ಮ ವಿಡಿಯೋದಾಗ ನನ್ನ ಹೆಸರ ತರಬ್ಯಾಡ್ರಿ" ಅಂತ ಕಟ್ಟಪ್ಪಣೆ ಮಾಡಿದ್ದಾನೆ. ತಂದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಯ್ತು ನನ್ನ ಕಥೆ. ಆದರೆ ಆ ವಿಡಿಯೋ ನೋಡಿದವರಲ್ಲಿ ಇನ್ನೂ ಬೀಳದವರೇ ಹೆಚ್ಚು, ಅವರಿಗಾಗಿ ಬಾಗಿಲು ಹಾಕ್ತಾ ಇದ್ದೀನಿ. ಹಳೇ ವಿಡಿಯೋದ ಮೇಲೆ "ಈ ಸಲಹೆ ಅರ್ಧ ಮಾತ್ರ ಸರಿ" ಅಂತ ಬರೆದಿದ್ದೀನಿ. ಇನ್ನರ್ಧ ಇದು: ಗಾರ್ಡ್ ಹೊಡೆತಕ್ಕೆ, ಬ್ರೇಸ್ ತಿರುಚಿಗೆ. ಎರಡೂ ಮಂಡಿಯ ಮೇಲಿದ್ದಾಗ ಮಾತ್ರ ಉಪಯೋಗ. ಎರಡಕ್ಕಿಂತ ಮೊದಲು, ಕಾಲು ಪೆಗ್ ಮೇಲಿರಲಿ.

ಮುಂದಿನ ವಾರ ಸಿಗೋಣ. ಹುಷಾರಾಗಿ ಓಡಿಸಿ.